ಫಸಲು ಗುತ್ತಿಗೆ ಹಿಡಿದವರು ನಡುವೆ ಕೈಬಿಟ್ಟರು. ಮುಂಗಡ ಇಟ್ಕೊಳ್ಳಬಹುದಾ? ದಂಡ ಸಿಗುತ್ತಾ?

ತೋಟದಂಚು

ಎಲ್ಲರಿಗೂ ನಮಸ್ಕಾರ. ಶಿರಸಿಯಿಂದ ಸ್ವಲ್ಪ ಒಳಗೆ ನಮ್ಮ ಅಡಿಕೆ ತೋಟ. ಹೋದ ವರ್ಷ ಅಪ್ಪ ಅಟ್ಟದ ಏಣಿಯಿಂದ ಬಿದ್ದು ಕಾಲು ಮುರಿದುಕೊಂಡರು. ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೊನೆಗೌಡರು ಸಿಗುವುದು ಕಷ್ಟ. ಸುಲಿದು ಬೇಯಿಸಿ ಒಣಗಿಸಲು ಮನೆಯಲ್ಲಿ ಜನ ಇಲ್ಲ. ಹಾಗಾಗಿ ಮೊದಲ ಸಲ ಫಸಲು ಗುತ್ತಿಗೆ ಕೊಟ್ಟೆವು. ಶಿವಮೊಗ್ಗ ಕಡೆ ಚೇಣಿ ಅನ್ನುತ್ತಾರಲ್ಲ, ಅದೇ: ಮರದಲ್ಲಿರುವಾಗಲೇ ಫಸಲು ಮಾರುವುದು, ಕೊಯ್ಯುವುದು ಕೊಂಡವರ ಕೆಲಸ.

ಆಗಸ್ಟ್‌ನಲ್ಲಿ ಮಾತಾಯಿತು. ಇಡೀ ತೋಟದ ಫಸಲಿಗೆ 9 ಲಕ್ಷ. ಮುಂಗಡ 1.5 ಲಕ್ಷ ಖಾತೆಗೆ ಬಂತು. ನವೆಂಬರ್ 30ರೊಳಗೆ ಕೊಯ್ಲು ಮುಗಿಸಿ ಬಾಕಿ ಕೊಡಬೇಕು. ಬಿಳಿ ಹಾಳೆಯ ಮೇಲೆ ಬರೆದು ಇಬ್ಬರೂ ಸಹಿ ಹಾಕಿದ್ದೇವೆ, ಸಾಕ್ಷಿಗಳೂ ಇದ್ದಾರೆ. ಕೊನೆಯ ಸಾಲು ಹೀಗಿದೆ: ‘ಮಾತಿಗೆ ತಪ್ಪಿದವರು 3 ಲಕ್ಷ ರೂಪಾಯಿ ದಂಡ ಕೊಡತಕ್ಕದ್ದು.’

ಅಕ್ಟೋಬರ್ 18ಕ್ಕೆ ವಾಟ್ಸಾಪ್ ಬಂತು. ‘ಈ ಸಲ ಆಗುವುದಿಲ್ಲ. ಬೇರೆಯವರಿಗೆ ಕೊಟ್ಕೊಳ್ಳಿ.’ ಅಷ್ಟೇ. ಫೋನ್ ಎತ್ತಲಿಲ್ಲ. ಸಿಟ್ಟಲ್ಲಿ ನಾನೂ ಒಂದಷ್ಟು ಬರೆದೆ. ಅದನ್ನು ಇಲ್ಲಿ ಹಾಕುವುದಿಲ್ಲ.

ಒಂದೇ ವಾರದಲ್ಲಿ ಇನ್ನೊಬ್ಬರು ಬಂದು 7.6 ಲಕ್ಷಕ್ಕೆ ಕೇಳಿದರು. ನಾನು ಕೊಡಲಿಲ್ಲ. ಒಪ್ಪಂದ ಇದೆಯಲ್ಲ, ಅವನೇ ಬಂದು ಕೊಯ್ಯಲಿ ಅಂತ ಹಟ. ಡಿಸೆಂಬರ್ ಬಂತು. ಅಡಿಕೆ ಹಣ್ಣಾಗತೊಡಗಿತು. ರಾಶಿ (ಹಸಿ ಅಡಿಕೆ ಬೇಯಿಸಿ ಒಣಗಿಸಿದ ಕೆಂಪಡಿಕೆ) ಮಾಡುವವರು ಇತ್ತ ಮುಖ ಹಾಕಲಿಲ್ಲ. ಕೊನೆಗೆ ಚಾಲಿ (ಹಣ್ಣಡಿಕೆ ಒಣಗಿಸಿದ ಬಿಳಿ ಅಡಿಕೆ) ಮಾಡುವವರಿಗೆ 6.1 ಲಕ್ಷಕ್ಕೆ ಹೋಯಿತು.

ಮುಂಗಡ ನನ್ನದೇ ಅಲ್ವಾ? ಅದರ ಮೇಲೆ 3 ಲಕ್ಷ ದಂಡವೂ ಸಿಗುತ್ತಾ? ಊರಲ್ಲಿ ಬಾಯಿಗೊಂದು ಮಾತು ಹೇಳುತ್ತಿದ್ದಾರೆ.

ಅಪ್ಪೆಮಿಡಿ

ಸುಮ್ನೆ ಯಾಕೆ ತಲೆ ಕೆಡಿಸಿಕೊಳ್ಳುತ್ತೀರಿ? ಸ್ಟೇಷನ್ನಿಗೆ ಹೋಗಿ ಚೀಟಿಂಗ್ ಕಂಪ್ಲೇಂಟ್ ಕೊಡಿ. ಪೊಲೀಸರ ಒಂದು ಫೋನ್ ಹೋದರೆ ಸಾಕು, ದುಡ್ಡು ಮನೆ ಬಾಗಿಲಿಗೆ ಬರುತ್ತದೆ.

ಕರಿಕೋಟು

ಶಿರಸಿಯಲ್ಲಿ ವಕೀಲಿ ಮಾಡುತ್ತೇನೆ. ದಯವಿಟ್ಟು ಆ ದಾರಿ ಹಿಡಿಯಬೇಡಿ.

ಮಾತಿಗೆ ತಪ್ಪುವುದೇ ಬೇರೆ, ಮೋಸವೇ ಬೇರೆ. ಮೋಸ ಆಗಬೇಕಾದರೆ ಒಪ್ಪಂದ ಮಾಡಿಕೊಳ್ಳುವ ಹೊತ್ತಿಗೇ ಆ ಮನುಷ್ಯನ ಮನಸ್ಸಲ್ಲಿ ವಂಚನೆ ಇರಬೇಕು. ಹೃದಯ ರಂಜನ್ ಪ್ರಸಾದ್ ವರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2000ದಲ್ಲೇ ಇದನ್ನು ಹೇಳಿದೆ. ಆಮೇಲೂ ಮತ್ತೆ ಮತ್ತೆ ಹೇಳುತ್ತಾ ಬಂದಿದೆ. ಹಳೆಯ 420 ಈಗ ಭಾರತೀಯ ನ್ಯಾಯ ಸಂಹಿತೆಯ 318ನೇ ಸೆಕ್ಷನ್ ಆಗಿದೆ. ನಂಬರ್ ಬದಲಾಯಿತು, ತತ್ವ ಬದಲಾಗಿಲ್ಲ. ನಿಮ್ಮ ವ್ಯಾಪಾರಿ ತಾನೇ ಒಂದೂವರೆ ಲಕ್ಷ ಕೊಟ್ಟಿದ್ದಾನೆ. ಮೋಸ ಮಾಡಲು ಬಂದವನು ಮೊದಲು ತನ್ನ ಜೇಬಿಂದ ದುಡ್ಡು ಬಿಚ್ಚುತ್ತಾನಾ?

ಇದು ಸಿವಿಲ್ ವಿಷಯ. 1872ರ ಭಾರತೀಯ ಕರಾರು ಕಾಯ್ದೆಯಲ್ಲಿ ಮುಖ್ಯವಾಗಿ 39, 73, 74 ಈ ಮೂರು ಸೆಕ್ಷನ್ ನೋಡಬೇಕು. ಮರದಲ್ಲಿರುವ ಫಸಲನ್ನು ಕೊಯ್ದು ಕೊಡುವ ಒಪ್ಪಂದ ಅಂದರೆ ಕಾನೂನಿನ ಕಣ್ಣಲ್ಲಿ ಅದು ಸರಕಿನ ಮಾರಾಟ. ಹಾಗಾಗಿ 1930ರ ಸರಕು ಮಾರಾಟ ಕಾಯ್ದೆಯೂ ಸೇರುತ್ತದೆ. ಜಮೀನಿನ ವ್ಯವಹಾರ ಅಲ್ಲ, ಆದ್ದರಿಂದ ನೋಂದಣಿ ಆಗಿಲ್ಲ ಅನ್ನುವ ಭಯ ಬೇಡ.

ಹಳೇ ಗುಮಾಸ್ತ

ನಾನು ವಕೀಲ ಅಲ್ಲ. ಕೋರ್ಟಿನಲ್ಲಿ ಕಡತ ಹೊತ್ತು ನಿವೃತ್ತನಾದವನು. ಕರಿಕೋಟಿನವರು ಮೆಲ್ಲಗೆ ಹೇಳುತ್ತಿದ್ದಾರೆ, ನಾನು ನೇರ ಲೆಕ್ಕ ಹಾಕುತ್ತೇನೆ. ಬೇಸರ ಮಾಡ್ಕೋಬೇಡಿ.

ಮೊದಲು ಆ 3 ಲಕ್ಷ. ಅದು ನಿಮ್ಮ ಜೇಬಿಗೆ ಬಂದ ದುಡ್ಡಲ್ಲ, ಮೇಲ್ಮಿತಿ ಮಾತ್ರ. ಕಲಂ 74 ಹೇಳುವುದು ಇಷ್ಟು. ಕರಾರಿನಲ್ಲಿ ಮೊತ್ತ ಬರೆದಿದ್ದರೆ ಆ ಮೊತ್ತ ಮೀರದಂತೆ ನ್ಯಾಯವಾದ ಪರಿಹಾರ. ನ್ಯಾಯವಾದದ್ದು ಎಷ್ಟು ಅಂತ ನೋಡುವುದು ಕೋರ್ಟು. 1963ರ ಫತೇಚಂದ್ ತೀರ್ಪಿನಿಂದ ಹಿಡಿದು 2015ರ ಕೈಲಾಶ್‌ನಾಥ್ ತೀರ್ಪಿನವರೆಗೆ ಇದೇ ದಾರಿ. ನಷ್ಟ ಲೆಕ್ಕ ಹಾಕಲು ಸಾಧ್ಯ ಇರುವ ಕಡೆ ಲೆಕ್ಕ ತೋರಿಸಬೇಕು. ನಷ್ಟವೇ ಆಗದಿದ್ದರೆ ಏನೂ ಇಲ್ಲ. ಅಡಿಕೆಗೆ ದಿನದಿನವೂ ದರ ಇದೆ. ಎಪಿಎಂಸಿ ದರಪಟ್ಟಿ ತಂದಿಟ್ಟರೆ ಲೆಕ್ಕ ಮುಗಿಯಿತು.

ಈಗ ನಷ್ಟ. ನೀವು 9ರಿಂದ 6.1 ಕಳೆದು 2.9 ಲಕ್ಷ ಅನ್ನುತ್ತೀರಿ. ಎದುರಿನ ವಕೀಲರು ಮೊದಲು ಕೇಳುವ ಪ್ರಶ್ನೆ: ‘7.6 ಲಕ್ಷಕ್ಕೆ ಗಿರಾಕಿ ಬಂದಿದ್ದು ನಿಜವೋ?’ ನೀವು ಹೌದು ಅನ್ನಬೇಕು. ಕರಾರು ಮುರಿದ ಮೇಲೆ ಕೈಕಟ್ಟಿ ಕೂತು ನಷ್ಟ ಬೆಳೆಸುವ ಹಾಗಿಲ್ಲ. ಕಲಂ 73ರ ವಿವರಣೆಯಲ್ಲೇ ಅದು ಇದೆ. ನಷ್ಟ ತಗ್ಗಿಸಲು ಕೈಲಿದ್ದ ದಾರಿಯನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಆಗ ನಿಮ್ಮ ನಷ್ಟ 9ರಿಂದ 7.6 ಕಳೆದರೆ 1.4 ಲಕ್ಷ. ಕೈಯಲ್ಲಿರುವ ಮುಂಗಡ 1.5 ಲಕ್ಷ.

ಅಂದರೆ ಹತ್ತು ಸಾವಿರ ನೀವೇ ವಾಪಸು ಕೊಡಬೇಕಾದೀತು.

ತೋಟದಂಚು

ಏನು ಮಾರಾಯ್ರೆ ಇದು! ಮಾತಿಗೆ ತಪ್ಪಿದವನು ಅವನು, ದುಡ್ಡು ಕೊಡಬೇಕಾದವನು ನಾನಾ? ಆ ದಂಡದ ಸಾಲಿಗೆ ಅವನೇ ಸಹಿ ಹಾಕಿದ್ದಾನಲ್ಲ!

ಕರಿಕೋಟು

ಸಿಟ್ಟು ಸಹಜ. ಆದರೆ ಈ ಕಾನೂನು ತಪ್ಪಿದವನಿಗೆ ಬರೆ ಹಾಕಲು ಹುಟ್ಟಿದ್ದಲ್ಲ. ಮಾತು ಉಳಿದಿದ್ದರೆ ನೀವು ಎಲ್ಲಿರುತ್ತಿದ್ದಿರೋ ಅಲ್ಲಿಗೆ, ದುಡ್ಡಿನ ಲೆಕ್ಕದಲ್ಲಿ, ನಿಮ್ಮನ್ನು ಮುಟ್ಟಿಸುವುದು ಅದರ ಕೆಲಸ. ಅದಕ್ಕಿಂತ ಮೇಲೆ ಹೋಗುವುದಿಲ್ಲ.

ಹಾಗಂತ ಗುಮಾಸ್ತರ ಲೆಕ್ಕವನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಅವರು ಅಕ್ಟೋಬರ್ 18ಕ್ಕೇ ಕರಾರು ಮುರಿಯಿತು ಅಂತ ಹಿಡಿದಿದ್ದಾರೆ. ಕರಾರಿನ ಕೊನೆ ದಿನ ನವೆಂಬರ್ 30. ಗಡುವಿಗೆ ಮೊದಲೇ ಒಬ್ಬ ‘ಆಗಲ್ಲ’ ಅಂದರೆ ಇನ್ನೊಬ್ಬನ ಮುಂದೆ ಎರಡು ದಾರಿ ಇವೆ. ‘ಸರಿ, ಮುರಿಯಿತು’ ಎಂದು ಒಪ್ಪಿ ಆಗಲೇ ಪರಿಹಾರ ಕೇಳಬಹುದು. ಇಲ್ಲವೇ ‘ನಾನು ಒಪ್ಪಲ್ಲ, ಗಡುವಿನವರೆಗೆ ಕಾಯುತ್ತೇನೆ’ ಅನ್ನಬಹುದು. ಕರಾರು ಕಾಯ್ದೆಯ 39, ಸರಕು ಮಾರಾಟ ಕಾಯ್ದೆಯ 60 ಎರಡೂ ಈ ಆಯ್ಕೆ ಕೊಡುತ್ತವೆ. ಕಾಯುವ ದಾರಿ ಹಿಡಿದರೆ ಕರಾರು ಮುರಿಯುವುದು ನವೆಂಬರ್ 30ಕ್ಕೆ. ಆಗ ನಷ್ಟದ ಅಳತೆ ಆ ದಿನದ ಬೆಲೆಯ ಮೇಲೆ. ಅಕ್ಟೋಬರ್‌ನ ಗಿರಾಕಿಯನ್ನು ಯಾಕೆ ಬಿಟ್ಟಿರಿ ಅಂತ ಕೇಳುವುದು ಅಷ್ಟು ಸುಲಭ ಅಲ್ಲ.

ಆದರೆ ಕಾಯುವುದರಲ್ಲೂ ಅಪಾಯ ಇದೆ. ಕರಾರನ್ನು ಬದುಕಿಸಿಟ್ಟರೆ ಅದು ಇಬ್ಬರಿಗೂ ಬದುಕಿರುತ್ತದೆ. ನವೆಂಬರ್ 25ಕ್ಕೆ ಅವನು ಕೊನೆಗೌಡರನ್ನು ಕರಕೊಂಡು ಬಂದು ನಿಂತಿದ್ದರೆ ನೀವು ತೋಟಕ್ಕೆ ಬಿಡಲೇಬೇಕಿತ್ತು.

ನೀವು ಅವತ್ತು ವಾಟ್ಸಾಪಿನಲ್ಲಿ ಏನು ಬರೆದಿರಿ ಅನ್ನುವುದರ ಮೇಲೆ ಒಂದೂವರೆ ಲಕ್ಷ ನಿಂತಿದೆ. ನಾಚಿಕೆ ಬಿಟ್ಟು ಹೇಳಿ.

ತೋಟದಂಚು

ಬೈಗುಳ ಬಿಟ್ಟು ಹೇಳುತ್ತೇನೆ. ‘ಒಪ್ಪಂದ ಒಪ್ಪಂದವೇ. ನೀನೇ ಬಂದು ಕೊಯ್ಯಬೇಕು. ಇಲ್ಲದಿದ್ದರೆ ನೋಡ್ಕೊಳ್ತೇನೆ.’

ಕರಿಕೋಟು

ಬೈಗುಳದ ನಡುವೆ ಒಳ್ಳೆ ಕಾನೂನು ಇದೆ! ‘ನೀನೇ ಬಂದು ಕೊಯ್ಯಬೇಕು’ ಅಂದರೆ ನೀವು ಮುರಿತವನ್ನು ಒಪ್ಪಲಿಲ್ಲ ಅಂತಲೇ ಅರ್ಥ.

ಹಳೇ ಗುಮಾಸ್ತ

ಅರ್ಥ ಬರಬಹುದು. ಆದರೆ ನವೆಂಬರ್ 30ರಿಂದ ಡಿಸೆಂಬರ್‌ನಲ್ಲಿ ಮಾರಿದ ದಿನದವರೆಗೆ ಏನು ಮಾಡಿದಿರಿ? ಆ ದಿನಗಳಿಗೂ ಉತ್ತರ ಬೇಕು. ಹಣ್ಣಾಗುವ ಸರಕು ಅದು, ಕಾಯುತ್ತಾ ಕೂರುವಂಥದ್ದಲ್ಲ. ಇಂಥ ಕೇಸಿನಲ್ಲಿ ಇಬ್ಬರು ವಕೀಲರ ಮಾತೂ ಸರಿ ಅನ್ನಿಸುತ್ತದೆ. ಅದಕ್ಕೇ ವರ್ಷಗಟ್ಟಲೆ ನಡೆಯುತ್ತದೆ.

ಇನ್ನೊಂದು. ಕಾಗದದಲ್ಲಿ ‘ಮುಂಗಡ’ ಅಂತ ಬರೆದಿದೆಯೋ ‘ಸಂಚಕಾರ’ ಅಂತಲೋ?

ತೋಟದಂಚು

ಮುಂಗಡ. ಎರಡೂ ಒಂದೇ ಅಲ್ವಾ?

ಹಳೇ ಗುಮಾಸ್ತ

ಅಲ್ಲ. ಸಂಚಕಾರ ಅಂದರೆ ಮಾತು ಗಟ್ಟಿ ಎಂದು ತೋರಿಸಲು ಕೊಡುವ ಹಣ. ತಪ್ಪಿದರೆ ಹೋಯಿತು ಅಂತ ಕರಾರಿನಲ್ಲಿ ಬರೆದಿದ್ದರೆ ಮುಟ್ಟುಗೋಲು ಹಾಕಬಹುದು. ಮುಂಗಡ ಅಂದರೆ ಬೆಲೆಯ ಒಂದು ತುಂಡು, ಮೊದಲೇ ಬಂದಿದೆ ಅಷ್ಟೇ. ಅದನ್ನು ಸುಮ್ನೆ ನುಂಗುವ ಹಾಗಿಲ್ಲ, ನಷ್ಟದ ಲೆಕ್ಕಕ್ಕೆ ವಜಾ ಹಾಕಿಕೊಳ್ಳಬೇಕು. ಸತೀಶ್ ಬಾತ್ರಾ ಪ್ರಕರಣದಲ್ಲಿ ಈ ಭೇದ ಹೇಳಿದ್ದಾರೆ, 2012ರದ್ದು ಇರಬೇಕು.

ಕರಿಕೋಟು

ಹೌದು, 2012ರದ್ದೇ. ಮೇಲೆ ಬರೆದ ಹೆಸರಿಗಿಂತ ಆ ಹಣದ ಉದ್ದೇಶ ಏನಿತ್ತು ಅನ್ನುವುದನ್ನೂ ಕೋರ್ಟು ನೋಡುತ್ತದೆ.

ಬೈತಖೋಲದ ಗಾಳಿ

ಅಡಿಕೆ ಮಾತಿನ ನಡುವೆ ಮೀನಿನವನು ಬಂದೆ. ಕಾರವಾರದಲ್ಲಿ ನಮ್ಮದೊಂದು ಟ್ರಾಲ್ ಬೋಟು. ನಿಮಗೆ ಗೊತ್ತಿರಬಹುದು, ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಬೋಟು ಇಳಿಸುವ ಹಾಗಿಲ್ಲ. ರಿಪೇರಿ ಎಲ್ಲ ಆಗಲೇ. ಗೇರ್ ಬಾಕ್ಸನ್ನು ಒಂದು ವರ್ಕ್‌ಶಾಪಿಗೆ ಕೊಟ್ಟೆ. ಬಿಲ್ಲಿನ ಮೇಲೆ ‘ಜುಲೈ 25ಕ್ಕೆ ರೆಡಿ’ ಅಂತ ಅವರೇ ಬರೆದರು. ಕೈಗೆ ಬಂದಿದ್ದು ಆಗಸ್ಟ್ 24ಕ್ಕೆ. ಹೊಸ ಸೀಸನ್ನಿನ ಮೊದಲ ಮೂರು ವಾರ ಬೋಟು ಕಟ್ಟಿಹಾಕಿ ಕೂತಿದ್ದೆ. ಕೇಳಿದರೆ ರಿಪೇರಿ ದುಡ್ಡಲ್ಲಿ ಸ್ವಲ್ಪ ಬಿಡುತ್ತೇನೆ ಅನ್ನುತ್ತಾರೆ. ನನಗೆ ಹೋದ ಮೀನಿನ ದುಡ್ಡು ಬೇಕು.

ಕರಿಕೋಟು

ನಿಮ್ಮ ಕಥೆ ಕಾನೂನು ಓದುವವರಿಗೆ ಮೊದಲ ವರ್ಷವೇ ಕಲಿಸುವ ಕಥೆಗೆ ತೀರಾ ಹತ್ತಿರ. ಇಂಗ್ಲೆಂಡಿನ ಗ್ಲೌಸ್ಟರಿನದು, ತೀರ್ಪು 1854ರದ್ದು. ಹ್ಯಾಡ್ಲಿ ಎಂಬವರ ಹಿಟ್ಟಿನ ಗಿರಣಿಯ ಕ್ರ್ಯಾಂಕ್ ಶಾಫ್ಟ್ ಮುರಿಯಿತು. ಅದನ್ನು ಮಾದರಿಗಾಗಿ ಗ್ರೀನಿಚ್‌ಗೆ ಸಾಗಿಸಲು ಒಪ್ಪಿಕೊಂಡವರು ತಡ ಮಾಡಿದರು. ಗಿರಣಿ ಅಷ್ಟು ದಿನ ನಿಂತಿತು. ಹೋದ ಲಾಭ ಕೇಳಿದರೆ ಕೋರ್ಟು ಇಲ್ಲ ಅಂದಿತು. ಎರಡು ಬಗೆಯ ನಷ್ಟಕ್ಕೆ ಮಾತ್ರ ಪರಿಹಾರ: ಇಂಥ ಮುರಿತದಿಂದ ಸಹಜವಾಗಿ ಆಗುವ ನಷ್ಟ, ಇಲ್ಲವೇ ಕರಾರು ಮಾಡುವಾಗಲೇ ಇಬ್ಬರಿಗೂ ಗೊತ್ತಿದ್ದ ನಷ್ಟ. ಗಿರಣಿ ಆ ಶಾಫ್ಟಿಗಾಗಿಯೇ ನಿಂತಿದೆ ಅಂತ ಸಾಗಿಸುವವರಿಗೆ ಗೊತ್ತಿತ್ತು ಎಂದು ಕೋರ್ಟಿಗೆ ಅನ್ನಿಸಲಿಲ್ಲ. ನಮ್ಮ 73ನೇ ಸೆಕ್ಷನ್ ಈ ತತ್ವವನ್ನೇ ಬರೆದಿಟ್ಟಿದೆ. ಅಲ್ಲೇ ಒಂದು ಉದಾಹರಣೆಯೂ ಇದೆ. ‘ಈ ಯಂತ್ರ ಇಲ್ಲದೆ ಗಿರಣಿ ನಿಂತಿದೆ’ ಎಂದು ಹೇಳಿಯೇ ಕೊಟ್ಟಿದ್ದರೆ ನಿಂತ ದಿನಗಳ ಸರಾಸರಿ ಲಾಭ ಸಿಗುತ್ತದೆ. ಅದೇ ಹೊತ್ತಲ್ಲಿ ಕೈತಪ್ಪಿದ ಸರ್ಕಾರಿ ಗುತ್ತಿಗೆಯ ಲಾಭ ಸಿಗುವುದಿಲ್ಲ.

ನಿಮ್ಮಲ್ಲಿ ಗಟ್ಟಿ ಅಂಶ ಏನು ಗೊತ್ತಾ? ಬೋಟಿನ ಕೆಲಸ ಮಾಡುವ ವರ್ಕ್‌ಶಾಪಿಗೆ ಆಗಸ್ಟ್ 1 ಅಂದರೇನು ಅಂತ ಗೊತ್ತಿಲ್ಲ ಅಂದರೆ ಯಾರೂ ನಂಬುವುದಿಲ್ಲ. ಜುಲೈ 25 ಅಂತ ಬರೆದದ್ದೇ ಅದಕ್ಕಾಗಿ. ಜ್ಞಾನ ಇತ್ತು ಅನ್ನುವುದಕ್ಕೆ ಅದೇ ಸಾಕ್ಷಿ.

ಕಷ್ಟ ಇರುವುದು ಲೆಕ್ಕದಲ್ಲಿ. ಎಷ್ಟು ಮೀನು ಬರುತ್ತಿತ್ತು?

ಬೈತಖೋಲದ ಗಾಳಿ

ಸಮುದ್ರದ ಲೆಕ್ಕ ಯಾರು ಬರೆದಿಡುತ್ತಾರೆ? ಪಕ್ಕದ ಬೋಟಿನವರಿಗೆ ಆ ವಾರ ಬಂಪರ್. ನನಗೂ ಬರುತ್ತಿತ್ತು.

ಹಳೇ ಗುಮಾಸ್ತ

‘ಬರುತ್ತಿತ್ತು’ ಅಂದರೆ ಜಡ್ಜ್ ಸಾಹೇಬರು ಕನ್ನಡಕ ತೆಗೆದು ನೋಡುತ್ತಾರೆ. ಹಿಂದಿನ ಎರಡು ಮೂರು ವರ್ಷದ ಆಗಸ್ಟ್‌ನ ಹರಾಜಿನ ಚೀಟಿ ಹುಡುಕಿ. ಡೀಸೆಲ್ ಬಿಲ್, ಮಂಜುಗಡ್ಡೆ ಬಿಲ್, ಬ್ಯಾಂಕಿಗೆ ಬಂದ ದುಡ್ಡು, ಏನಿದೆಯೋ ಅದು. ಅದೇ ಅಳತೆಯ ಪಕ್ಕದ ಬೋಟಿನ ಚೀಟಿಯೂ ನಡೆಯುತ್ತದೆ, ಅವರು ಸಾಕ್ಷಿಗೆ ಬಂದರೆ. ಆಮೇಲೆ ಖರ್ಚು ಕಳೆಯಿರಿ. ಕಡಲಿಗೆ ಹೋಗದಿದ್ದಾಗ ಡೀಸೆಲ್ ಉಳಿಯಿತು, ಕಲಾಸಿಗಳ (ಬೋಟಿನ ಕೆಲಸಗಾರರ) ಪಾಲು ಉಳಿಯಿತು. ಉಳಿದದ್ದನ್ನು ಕಳೆದು ನಿವ್ವಳ ಕೇಳಿ. ಪೂರಾ ಮೊತ್ತ ಕೇಳಿದರೆ ಉಳಿದ ಮಾತಿನ ಮೇಲೂ ನಂಬಿಕೆ ಹೋಗುತ್ತದೆ. ‘ಬೇರೆ ಗೇರ್ ಬಾಕ್ಸ್ ಬಾಡಿಗೆಗೆ ಹುಡುಕಿದಿರಾ?’ ಅನ್ನುವ ಪ್ರಶ್ನೆ ನಿಮಗೂ ಬರುತ್ತದೆ.

ಲಾರಿ ಸ್ಟ್ಯಾಂಡು

ನಂದು ಉಲ್ಟಾ ಕೇಸು. ಮಾತಿಗೆ ತಪ್ಪಿದ ಅನ್ನಿಸಿಕೊಂಡವನು ನಾನು. 2024ರ ಜುಲೈ 16ಕ್ಕೆ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿಯಿತಲ್ಲ. ಗೋವಾದಿಂದ ಮಂಗಳೂರಿಗೆ ಲೋಡು ಒಪ್ಪಿಕೊಂಡಿದ್ದೆ. ಹೆದ್ದಾರಿ 66 ಬಂದ್. ಲಾರಿ ಈ ಕಡೆಯೇ ನಿಂತಿತು. ಪಾರ್ಟಿ ಬೇರೆ ಲಾರಿ ಹಿಡಿದು ಘಟ್ಟ ಸುತ್ತಿ ತರಿಸಿಕೊಂಡರು. ಈಗ ಜಾಸ್ತಿ ಖರ್ಚು ನೀನೇ ಕೊಡು ಅಂತಾರೆ. ಗುಡ್ಡ ನಾನು ಉರುಳಿಸಿದ್ನಾ?

ಕರಿಕೋಟು

ಆ ದುರಂತದ ಮುಂದೆ ಬಾಡಿಗೆ ಲೆಕ್ಕ ಮಾತಾಡುವುದೇ ಮುಜುಗರ. ಆದರೂ ಕೇಳಿದ್ದೀರಿ.

ಕರಾರು ಕಾಯ್ದೆಯ 56ನೇ ಸೆಕ್ಷನ್ ಪ್ರಕಾರ, ಯಾರ ತಪ್ಪೂ ಇಲ್ಲದೆ ಕೆಲಸ ಅಸಾಧ್ಯವಾದರೆ ಕರಾರು ತಾನಾಗಿ ಬಿದ್ದುಹೋಗುತ್ತದೆ. 1953ರ ಸತ್ಯಬ್ರತ ಘೋಷ್ ತೀರ್ಪು ‘ಅಸಾಧ್ಯ’ ಅನ್ನುವುದನ್ನು ಸ್ವಲ್ಪ ಹಿಗ್ಗಿಸಿದೆ. ಕರಾರಿನ ಬುಡವೇ ಅಲ್ಲಾಡಿದರೂ ಸಾಕು. ಆದರೆ ಕಷ್ಟ ಆಯಿತು, ದುಬಾರಿ ಆಯಿತು ಅನ್ನುವುದು ಸಾಲದು.

ಇದಕ್ಕೆ ಸರಿಹೊಂದುವ ಹಳೇ ಕಥೆ ಶೇಂಗಾದ್ದು. 1956ರಲ್ಲಿ ಸೂಡಾನಿನ ಶೇಂಗಾವನ್ನು ಹ್ಯಾಂಬರ್ಗಿಗೆ ಕಳಿಸುವ ಕರಾರಾಯಿತು. ಅಷ್ಟರಲ್ಲಿ ಸೂಯೆಜ್ ಕಾಲುವೆ ಮುಚ್ಚಿತು. ಆಫ್ರಿಕಾ ಸುತ್ತಿ ಹೋದರೆ ದೂರ, ದುಬಾರಿ. ಮಾರುವವರು ಕೈಚೆಲ್ಲಿದರು. ಇಂಗ್ಲೆಂಡಿನ ಅತ್ಯುನ್ನತ ನ್ಯಾಯಪೀಠ 1961ರಲ್ಲಿ, ದಾರಿ ಉದ್ದ ಆಯಿತು ಅಂತ ಕರಾರು ಸಾಯುವುದಿಲ್ಲ ಎಂದಿತು. ಎನರ್ಜಿ ವಾಚ್‌ಡಾಗ್ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟು 2017ರಲ್ಲಿ ಇದೇ ಕಥೆಯನ್ನು ನೆನೆದಿದೆ.

ಹಾಗಾಗಿ ನಿಮ್ಮ ಕರಾರಿನಲ್ಲಿ ಇದೇ ದಾರಿ ಅಂತ ಬರೆದಿತ್ತಾ? ‘ಪ್ರಕೃತಿ ವಿಕೋಪ’ದ ಷರತ್ತು ಇತ್ತಾ? ಆ ದಿನ ನಿಮ್ಮ ಲಾರಿಗೆ ಬೇರೆ ದಾರಿ ನಿಜಕ್ಕೂ ತೆರೆದಿತ್ತಾ? ಮಳೆಗಾಲದಲ್ಲಿ ನಮ್ಮ ಘಟ್ಟಗಳಲ್ಲಿ ಭಾರಿ ವಾಹನಕ್ಕೆ ತಡೆ ಹಾಕುವುದು ಹೊಸದಲ್ಲ. ಅಂಥ ಆದೇಶದ ಪ್ರತಿ ಇದ್ದರೆ ನಿಮ್ಮ ಮಾತಿಗೆ ಬಲ. ಇಲ್ಲದಿದ್ದರೆ, ಇನ್ನೊಂದು ಲಾರಿ ಹೋಗಿದೆಯಲ್ಲ, ನಿಮ್ಮದೂ ಹೋಗಬಹುದಿತ್ತು ಅನ್ನುತ್ತಾರೆ.

ಚೌಕಿಮನೆ

ಕೇಳಿಯೇಬಿಡುತ್ತೇನೆ. ನಾನು ಒಂದು ಯಕ್ಷಗಾನ ಮೇಳದ ವ್ಯವಸ್ಥೆ ನೋಡಿಕೊಳ್ಳುತ್ತೇನೆ. ಒಬ್ಬ ಕಲಾವಿದರಿಗೆ ಒಂದು ತಿರುಗಾಟಕ್ಕೆ (ಆಟದ ಒಂದು ಸೀಸನ್ನಿಗೆ) ಒಪ್ಪಂದ ಮಾಡಿ ಮುಂಗಡ ಕೊಟ್ಟಿದ್ದೆವು. ‘ಈ ತಿರುಗಾಟದಲ್ಲಿ ಬೇರೆ ಮೇಳದಲ್ಲಿ ವೇಷ ಮಾಡುವುದಿಲ್ಲ’ ಅಂತಲೂ ಬರೆದಿದೆ. ಸಂಕ್ರಾಂತಿ ಕಳೆದ ಮೇಲೆ ಇನ್ನೊಂದು ಮೇಳಕ್ಕೆ ಹೋದರು. ಕೋರ್ಟು ಅವರನ್ನು ವಾಪಸು ಕರೆಸುತ್ತಾ?

ಕರಿಕೋಟು

ಕುಣಿ ಅಂತ ಯಾವ ಕೋರ್ಟೂ ಆದೇಶ ಕೊಡುವುದಿಲ್ಲ. ಕೊಟ್ಟರೂ ಆ ರಾತ್ರಿಯ ಆಟ ನೋಡುವ ಹಾಗಿರುವುದಿಲ್ಲ! ಒಬ್ಬ ವ್ಯಕ್ತಿಯ ಸ್ವಂತ ಪ್ರತಿಭೆಯ ಮೇಲೆ ನಿಂತ ಕರಾರನ್ನು ಬಲವಂತವಾಗಿ ನಡೆಸಲು ಬರುವುದಿಲ್ಲ. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 14ನೇ ಸೆಕ್ಷನ್ ಅದು.

ಆದರೆ ಅದೇ ಕಾಯ್ದೆಯ 42ನೇ ಸೆಕ್ಷನ್ ಇನ್ನೊಂದು ಬಾಗಿಲು ತೆರೆದಿದೆ. ‘ಬೇರೆ ಕಡೆ ಮಾಡುವುದಿಲ್ಲ’ ಎಂಬ ಮಾತನ್ನು ಮಾತ್ರ ತಡೆಯಾಜ್ಞೆಯಿಂದ ಕಾಪಾಡಬಹುದು. 1852ರಲ್ಲಿ ಲಂಡನ್ನಿನಲ್ಲಿ ಯೊಹಾನಾ ವಾಗ್ನರ್ ಎಂಬ ಗಾಯಕಿಗೆ ಹೀಗೇ ಆಯಿತು. ಮೊದಲ ರಂಗಮಂದಿರದಲ್ಲಿ ಹಾಡು ಎಂದು ಕೋರ್ಟು ಹೇಳಲಿಲ್ಲ. ಎರಡನೆಯದರಲ್ಲಿ ಹಾಡಬೇಡ ಎಂದಿತು. ನಮ್ಮಲ್ಲೂ ಕರಾರಿನ ಅವಧಿಯೊಳಗಿನ ಇಂಥ ನಿರ್ಬಂಧ ಸರಿ ಅಂತ 1967ರ ಗೋಲಿಕೇರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಒಪ್ಪಿದೆ. ತಿರುಗಾಟ ಮುಗಿದ ಮೇಲೂ ಮಾಡಬಾರದು ಅಂತ ಬರೆದಿದ್ದರೆ ಅದು ನಿಲ್ಲುವುದಿಲ್ಲ, ಕರಾರು ಕಾಯ್ದೆಯ 27ನೇ ಸೆಕ್ಷನ್ ಅಡ್ಡ ಬರುತ್ತದೆ.

ನನ್ನ ಸ್ವಂತ ಅಭಿಪ್ರಾಯ ಕೇಳಿದರೆ, ಮುಂಗಡದಲ್ಲಿ ಉಳಿದ ಭಾಗ ವಾಪಸು ತೆಗೆದುಕೊಂಡು ಬಿಡಿ. ಮುಂದಿನ ವರ್ಷ ಅವರೇ ನಿಮ್ಮಲ್ಲಿಗೆ ಬಂದಾರು.

ಅರ್ಧ ಮನೆ

ನಾನು ಕಾರವಾರದವಳು. ಮನೆ ಕಟ್ಟಲು ಒಪ್ಪಿದ ಗುತ್ತಿಗೆದಾರ ಸ್ಲ್ಯಾಬ್ ಹಾಕಿ ನಾಪತ್ತೆ. ದುಡ್ಡು ಮುಕ್ಕಾಲು ಕೊಟ್ಟಾಗಿದೆ. ಬೇರೆಯವರನ್ನು ಹಿಡಿದು ಮುಗಿಸಿದರೆ ಮೊದಲಿನವನ ಮೇಲೆ ಹಕ್ಕು ಹೋಗುತ್ತದೆ ಅಂತ ಹೆದರಿ ಮಳೆಗಾಲ ಪೂರ್ತಿ ಹಾಗೇ ಬಿಟ್ಟಿದ್ದೇನೆ.

ಕರಿಕೋಟು

ಅಯ್ಯೋ, ಹಾಗೆ ಬಿಡಬೇಡಿ. ನಷ್ಟ ತಗ್ಗಿಸುವ ಮಾತು ಮೇಲೆ ಬಂತಲ್ಲ, ನಿಮಗೂ ಅದೇ. 2018ರ ತಿದ್ದುಪಡಿಯ ನಂತರ ನಿರ್ದಿಷ್ಟ ಪರಿಹಾರ ಕಾಯ್ದೆಯ 20ನೇ ಸೆಕ್ಷನ್ ನಿಮ್ಮಂಥವರಿಗೆ ಹೇಳಿ ಮಾಡಿಸಿದ ಹಾಗಿದೆ. ಕನಿಷ್ಠ 30 ದಿನದ ಲಿಖಿತ ನೋಟಿಸು ಕೊಡಿ. ಆ ಅವಧಿಯಲ್ಲಿ ಬರದಿದ್ದರೆ ಬೇರೆಯವರಿಂದ ಕೆಲಸ ಮುಗಿಸಿ, ಖರ್ಚನ್ನು ಮೊದಲಿನವನಿಂದ ವಸೂಲಿ ಮಾಡಬಹುದು. ನೋಟಿಸು ಮರೆತು ಕೆಲಸ ಮಾಡಿಸಿದರೆ ಈ ಸೆಕ್ಷನ್ನಿನ ವಸೂಲಿ ಕಷ್ಟ. ಈಗ ಕೆಲಸ ಎಲ್ಲಿ ನಿಂತಿದೆ ಅಂತ ತಾರೀಕಿನ ಸಮೇತ ಫೋಟೋ ತೆಗೆಯಿರಿ. ಒಬ್ಬ ಎಂಜಿನಿಯರ್ ಹತ್ತಿರ ಅಳತೆ ಬರೆಸಿ.

ಮನೆ ಕಟ್ಟಿಕೊಡುವುದು ಸೇವೆ, ನೀವು ಗ್ರಾಹಕರು. ಆದ್ದರಿಂದ ಕಾರವಾರದ ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗಬಹುದು. ಕೊಟ್ಟ ಹಣ 50 ಲಕ್ಷದವರೆಗೆ ಇದ್ದರೆ ಅಲ್ಲೇ. 5 ಲಕ್ಷದವರೆಗೆ ಶುಲ್ಕವೇ ಇಲ್ಲ. ಆದರೆ ಗಡುವು 2 ವರ್ಷ ಮಾತ್ರ, ಸಿವಿಲ್ ಕೋರ್ಟಿನ ಹಾಗೆ 3 ಅಲ್ಲ. ಒಂದೇ ವಿಷಯಕ್ಕೆ ಎರಡೂ ಕಡೆ ಹೋಗುವ ಹಾಗಿಲ್ಲ.

ಹಳೇ ಗುಮಾಸ್ತ

ಗಡುವಿನ ಮಾತು ಬಂತು ಅಂತ ಹೇಳುತ್ತೇನೆ. ನನ್ನ ಸರ್ವಿಸಿನಲ್ಲಿ ಒಳ್ಳೊಳ್ಳೆ ಕೇಸುಗಳು ಸತ್ತದ್ದು ಸಾಕ್ಷಿ ಇಲ್ಲದೆ ಅಲ್ಲ, ತಾರೀಕು ದಾಟಿ. ಕರಾರು ಮುರಿದ ದಿನದಿಂದ 3 ವರ್ಷ. ಒಬ್ಬರು ಮೂರು ವರ್ಷ ಎರಡು ತಿಂಗಳಿಗೆ ಕಾಗದ ಹಿಡಿದು ಬಂದಿದ್ದರು. ಯಾಕೆ ಸ್ವಾಮಿ ಅಂದರೆ ‘ಪ್ರತಿ ಚೌತಿಗೆ ಸಿಕ್ಕಾಗ ಕೊಡ್ತೇನೆ ಕೊಡ್ತೇನೆ ಅಂತಿದ್ದ’ ಅಂದರು. ಬಾಯಿಮಾತಿಂದ ಗಡುವು ಮುಂದೆ ಹೋಗುವುದಿಲ್ಲ. ಗಡುವು ಮುಗಿಯುವ ಮೊದಲು ಅವನು ‘ಇಷ್ಟು ಬಾಕಿ ಇದೆ’ ಅಂತ ಬರೆದು ಸಹಿ ಹಾಕಬೇಕು. ಆಗ ಆ ದಿನದಿಂದ ಹೊಸ ಲೆಕ್ಕ.

ತೋಟದಂಚಿನವರ ಬಿಳಿ ಹಾಳೆಯ ಬಗ್ಗೆ. ಸ್ಟ್ಯಾಂಪ್ ಬೇಕಾದ ಕಡೆ ಸ್ಟ್ಯಾಂಪ್ ಇಲ್ಲದಿದ್ದರೆ ಕರಾರು ಸಾಯುವುದಿಲ್ಲ, ಸಾಕ್ಷಿಗೆ ಹಾಜರು ಮಾಡಲು ಬರುವುದಿಲ್ಲ ಅಷ್ಟೇ. ಕರ್ನಾಟಕ ಸ್ಟ್ಯಾಂಪ್ ಕಾಯ್ದೆಯ ಕಲಂ 34ರಂತೆ ಬಾಕಿ ಶುಲ್ಕ, ಅದರ ಮೇಲೆ ಹತ್ತು ಪಟ್ಟು ದಂಡ ಕಟ್ಟಿದರೆ ತೆಗೆದುಕೊಳ್ಳುತ್ತಾರೆ. ಸಣ್ಣ ಶುಲ್ಕದ ಹತ್ತು ಪಟ್ಟು ಸಣ್ಣದೇ. ಜಾಗದ ಅಗ್ರಿಮೆಂಟ್ ಆಗಿದ್ದು, ಸ್ವಾಧೀನವನ್ನೂ ಕೊಟ್ಟಿದ್ದರೆ ಮಾತ್ರ ಆ ಹತ್ತು ಪಟ್ಟು ಮನೆ ಮಾರಿಸೀತು.

ವಾಟ್ಸಾಪ್ ಅಳಿಸಬೇಡಿ, ಫೋನ್ ಮಾರಬೇಡಿ. ಸ್ಕ್ರೀನ್‌ಶಾಟ್ ಒಂದೇ ಸಾಲದು. ಎಲೆಕ್ಟ್ರಾನಿಕ್ ದಾಖಲೆಗೆ ಬೇಕಾದ ಹಳೆಯ 65ಬಿ ಸರ್ಟಿಫಿಕೇಟು ಈಗ ಸಾಕ್ಷ್ಯ ಅಧಿನಿಯಮದ 63ನೇ ಕಲಮಿಗೆ ಬಂದಿದೆ. ಅದನ್ನು ಜೊತೆಗೆ ಇಡಬೇಕು.

ತೋಟದಂಚು

ಅವನು ಹಾವೇರಿ ಕಡೆಯವನು. ಕೇಸು ಹಾಕಲು ನಾನು ಅಲ್ಲಿಗೆ ಓಡಾಡಬೇಕಾ?

ಕರಿಕೋಟು

ಬೇಡ. ತೋಟ ಇಲ್ಲಿದೆ, ಸಹಿ ಇಲ್ಲಿ ಆಗಿದೆ, ಕೊಯ್ಲು ಇಲ್ಲೇ ಆಗಬೇಕಿತ್ತು. ಶಿರಸಿ ಕೋರ್ಟಿನಲ್ಲೇ ಹಾಕಬಹುದು. ದಾವೆ ಮೊತ್ತ 3 ಲಕ್ಷ ಮುಟ್ಟಿದರೆ ಅದು ವಾಣಿಜ್ಯ ವ್ಯಾಜ್ಯವೋ ಎಂದು ನೋಡಬೇಕು. ಹೌದಾದರೆ, ತುರ್ತು ತಡೆಯಾಜ್ಞೆ ಬೇಕಿಲ್ಲದ ಕಡೆ, ದಾವೆಗೆ ಮೊದಲು ಮಧ್ಯಸ್ಥಿಕೆ ಕಡ್ಡಾಯ. ನಿಮ್ಮದು ಅಷ್ಟು ಮುಟ್ಟುವುದಿಲ್ಲ ಅನ್ನಿಸುತ್ತದೆ. ಮೊದಲು ಒಂದು ನೋಟಿಸು ಕೊಡಿ. ಬೈಗುಳ ಇಲ್ಲದೆ.

ಅಪ್ಪೆಮಿಡಿ

ನನ್ನ ಪೊಲೀಸ್ ಸಲಹೆ ವಾಪಸು. ಇಷ್ಟು ಓದಿದ ಮೇಲೆ ನಮ್ಮ ಉಪ್ಪಿನಕಾಯಿ ಮಿಡಿ ಕೊಡುವವರ ಜೊತೆ ನಾನೂ ಕಾಗದ ಮಾಡಿಸಬೇಕು ಅನ್ನಿಸಿದೆ.

ತೋಟದಂಚು

ಮೂರು ತಿಂಗಳಾದ ಮೇಲೆ ಬಂದು ಬರೆಯುತ್ತಿದ್ದೇನೆ.

ನೋಟಿಸು ಕೊಟ್ಟೆ. ಉತ್ತರ ಬಂತು. ಓದಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಗುಮಾಸ್ತರು ಹಾಕಿದ ಲೆಕ್ಕವೇ, ಪೈಸೆ ಬಿಡದೆ! 7.6 ಲಕ್ಷದ ಗಿರಾಕಿ ವಿಷಯ ಅವನಿಗೆ ಗೊತ್ತಾಗಿದೆ. ಪೇಟೆಯಲ್ಲಿ ಯಾವುದು ಮುಚ್ಚಿಡಲು ಆಗುತ್ತದೆ? ಹತ್ತು ಸಾವಿರ ವಾಪಸು ಕೊಡಿ ಅಂತ ಕೇಳಿದ್ದರು.

ನಮ್ಮ ವಕೀಲರು ನವೆಂಬರ್ 30ರ ವಾದ ಹಿಡಿದು ಮತ್ತೊಂದು ಕಾಗದ ಬರೆದರು. ಆಮೇಲೆ ಅವರೇ, ದಾವೆ ಹಾಕುವ ಮೊದಲೇ ಲೋಕ ಅದಾಲತ್ತಿಗೆ ಒಯ್ಯೋಣ ಅಂದರು. ಶಿರಸಿ ಕೋರ್ಟಿನ ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಅರ್ಜಿ ಕೊಟ್ಟೆವು. ಅವನು ಬರುವುದಿಲ್ಲ ಅಂದುಕೊಂಡಿದ್ದೆ, ಬಂದ. ಮಗನ ಆಸ್ಪತ್ರೆ ಖರ್ಚಿಗೆ ದುಡ್ಡು ಹೋಯಿತು, ಹೇಳಲು ಮುಖ ಇರಲಿಲ್ಲ ಅಂದ. ನಿಜವೋ ಸುಳ್ಳೋ ಗೊತ್ತಿಲ್ಲ. ಮೊದಲೇ ಫೋನ್ ಎತ್ತಿ ಹೇಳಿದ್ದರೆ ನಾನು ಆ 7.6ಕ್ಕೆ ಕೊಟ್ಟುಬಿಡುತ್ತಿದ್ದೆ ಅಂತ ಅಲ್ಲೇ ಹೇಳಿದೆ.

ಕೊನೆಗೆ ಒಂದೂವರೆ ಲಕ್ಷ ಮುಂಗಡ ನನಗೇ. ಮೇಲೆ 35 ಸಾವಿರ, ಎರಡು ಕಂತಲ್ಲಿ. ಇಬ್ಬರೂ ಸಹಿ ಹಾಕಿದ್ದೇವೆ.

ಕರಿಕೋಟು

ಒಳ್ಳೆಯದಾಯಿತು. ಅದಾಲತ್ತಿನ ಅವಾರ್ಡು (ರಾಜಿ ಆದೇಶ) ಸಿವಿಲ್ ಕೋರ್ಟಿನ ಡಿಕ್ರಿಗೆ ಸಮ. ಅಪೀಲು ಇಲ್ಲ. ಕಂತು ತಪ್ಪಿದರೆ ಹೊಸ ದಾವೆ ಬೇಕಿಲ್ಲ, ನೇರ ಜಾರಿ ಅರ್ಜಿ.

ಬೈತಖೋಲದ ಗಾಳಿ

ನನಗೆ ಹಿಂದಿನ ವರ್ಷಗಳ 19 ಹರಾಜು ಚೀಟಿ ಸಿಕ್ಕಿದವು. ಎರಡು ಒದ್ದೆಯಾಗಿ ಅಕ್ಷರ ಅಳಿಸಿವೆ. ನಡೆಯುತ್ತವಾ?

ಹಳೇ ಗುಮಾಸ್ತ

ಹದಿನೇಳು ನಡೆಯುತ್ತವೆ. ಒದ್ದೆಯಾದದ್ದರ ಜೆರಾಕ್ಸ್ ತೆಗೆಸಿ ನೋಡಿ, ಕೆಲವು ಸಲ ಕಣ್ಣಿಗೆ ಕಾಣದ್ದು ಅದರಲ್ಲಿ ಕಾಣುತ್ತದೆ. ತೋಟದಂಚಿನವರೇ, ಎರಡನೇ ಕಂತು ಬಂತಾ?

ತೋಟದಂಚು

ಬಂತು. ಎರಡು ದಿನ ತಡವಾಗಿ.

ಹಳೇ ಗುಮಾಸ್ತ

ಎರಡು ದಿನಕ್ಕೆ ನೋಟಿಸು ಕೊಡಬೇಡಿ ಮತ್ತೆ.